ಅರಿಶಿನ ಹಚ್ಚದ ಫ್ರಾಕು

ಮಕ್ಕಳ ಬಟ್ಟೆಗೂ ದೇವಸ್ಥಾನದ ಪತ್ರಿಕೆಗೂ ಏನು ಸಂಬಂಧ ಎಂದು ಕೆಲವರಾದರೂ ಕೇಳುತ್ತೀರಿ. ಕನ್ನಡ ವಿಭಾಗಕ್ಕೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಹೇಳಿದಾಗ ನಾವೂ ಹಬ್ಬದ ಬಗ್ಗೆಯೋ ತೀರ್ಥಯಾತ್ರೆಯ ಬಗ್ಗೆಯೋ ಬರೆಯೋಣವೆಂದೇ ಕುಳಿತಿದ್ದೆವು. ಎರಡು ಸಾಲು ಬರೆಯುವಷ್ಟರಲ್ಲಿ ಮಾತು ಮತ್ತೆ ಆ ಹಸಿರು ಫ್ರಾಕಿನ ಕಡೆಗೇ ಹೊರಳಿತು. 2024ರ ನವರಾತ್ರಿಯಿಂದ ಈಚೆಗೆ ನಮ್ಮ ಮನೆಯಲ್ಲಿ ಊಟದ ಹೊತ್ತಿನಲ್ಲಿ, ಕಾರಿನಲ್ಲಿ, ರಾತ್ರಿ ಪಾತ್ರೆ ತೊಳೆಯುವಾಗ ಅದರ ಮಾತು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆದ್ದರಿಂದ ಅದನ್ನೇ ಬರೆದುಬಿಡುತ್ತೇವೆ. 'ನಾವು' ಎಂದರೆ ಗಂಡ ಹೆಂಡತಿ ಇಬ್ಬರೂ ಸೇರಿ. ಯಾವುದನ್ನು ಯಾರು ಮಾಡಿದರು ಎಂದು ಬಿಡಿಸಿ ಹೇಳುವುದಿಲ್ಲ. ಹೇಳಲು ಹೊರಟರೆ ಇಬ್ಬರೂ ಒಳ್ಳೆಯವರಾಗಿ ತಪ್ಪು ಮಾತ್ರ ನಡುವೆ ಅನಾಥವಾಗಿ ಉಳಿಯುತ್ತದೆ, ಅದು ನಮಗೆ ಅನುಭವದಿಂದ ಗೊತ್ತು.

ನಮ್ಮ ಮಗಳಿಗೆ ಆಗ ಏಳು ವರ್ಷ, ಮಗನಿಗೆ ನಾಲ್ಕು. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು ಎರಡು, ಎರಡೂವರೆ ಇಂಚು ಬೆಳೆಯುತ್ತಾರೆ. ಶಿಕಾಗೋದ ಚಳಿಗಾಲಕ್ಕೆಂದು ಮಾರ್ಚಿಯಲ್ಲಿ ರಿಯಾಯಿತಿ ದರಕ್ಕೆ ಕೊಂಡಿಟ್ಟ ಪ್ಯಾಂಟು ನವೆಂಬರಿನಲ್ಲಿ ತೆಗೆದು ನೋಡಿದರೆ ಪಾದಕ್ಕಿಂತ ಗೇಣು ಮೇಲೆ ನಿಂತಿರುತ್ತದೆ. ಅಳತೆಗಳಾದರೂ ಸರಳವಾಗಿವೆಯೇ ಎಂದರೆ ಅದೂ ಇಲ್ಲ. 4ಟಿ, 5, 6, ಆಮೇಲೆ ಹೆಣ್ಣುಮಕ್ಕಳಿಗೆ ಮಾತ್ರ 6ಎಕ್ಸ್ ಎಂಬ ಒಂದು ತ್ರಿಶಂಕು, ಅದಾದ ಮೇಲೆ 7. ಶನಿವಾರ ಮಾಲ್‌ಗೆ ಹೋಗಿ, ಬಟ್ಟೆ ಹಾಕಿ ನೋಡುವ ಕೋಣೆಯ ಮುಂದೆ ಸಾಲು ನಿಂತು, ಚಿಕ್ಕವನು ಹ್ಯಾಂಗರುಗಳ ನಡುವೆ ನುಸುಳಿ ಕಾಣೆಯಾಗಿ, ಅವನನ್ನು ಹುಡುಕುವಷ್ಟರಲ್ಲಿ ದೊಡ್ಡವಳಿಗೆ ಹಸಿವಾಗಿ, ಕೊನೆಗೆ ಒಂದು ಪೊಟ್ಟಣ ಕಾಲುಚೀಲ ಕೊಂಡು ಮನೆಗೆ ಬಂದ ದಿನಗಳು ನಿಮಗೂ ಇರಬೇಕು.

ನಾವು ಚಿಕ್ಕವರಾಗಿದ್ದಾಗ ಇದಕ್ಕೆ ದರ್ಜಿಯ ಹತ್ತಿರ ಪರಿಹಾರವಿತ್ತು. ಯುಗಾದಿಗೆ ಒಂದು ಜೊತೆ, ದೀಪಾವಳಿಗೆ ಒಂದು ಜೊತೆ. ಒಂದೇ ಥಾನಿನಲ್ಲಿ ಹರಿಸಿದ ಬಟ್ಟೆಯಲ್ಲಿ ಅಣ್ಣನಿಗೆ ಷರಟು, ತಂಗಿಗೆ ಲಂಗ, ಮಿಕ್ಕಿದ್ದರಲ್ಲಿ ದಿಂಬಿನ ಚೀಲ. "ಬೆಳೆಯೋ ಮಕ್ಕಳು, ಸ್ವಲ್ಪ ದೊಡ್ಡದಾಗೇ ಹೊಲೀರಿ" ಎಂಬ ಮಾತು ಪ್ರತಿ ವರ್ಷ ಮಂತ್ರದ ಹಾಗೆ ಬರುತ್ತಿತ್ತು. ಲಂಗದ ಅಂಚನ್ನು ನಾಲ್ಕು ಬೆರಳು ಒಳಕ್ಕೆ ಮಡಿಸಿ ಹೊಲಿದು, ಮಗು ಬೆಳೆದ ಹಾಗೆಲ್ಲ ಒಂದೊಂದು ಮಡಿಕೆ ಬಿಚ್ಚುತ್ತಿದ್ದರು. ಬಿಚ್ಚಿದ ಕಡೆ ಬಣ್ಣ ಗಾಢವಾಗಿ ಒಂದು ಗೆರೆ ಎದ್ದು ಕಾಣುತ್ತಿತ್ತು. ಆ ಗೆರೆ ನೋಡಿ ಯಾರೂ ನಗುತ್ತಿರಲಿಲ್ಲ, ಎಲ್ಲರ ಲಂಗದಲ್ಲೂ ಅದು ಇರುತ್ತಿತ್ತು.

ಇಲ್ಲಿ ಆ ದರ್ಜಿ ಇಲ್ಲವಲ್ಲ. ಅದಕ್ಕೇ ಆಫೀಸಿನ ಸಹೋದ್ಯೋಗಿಯೊಬ್ಬರು ಮಕ್ಕಳ ಬಟ್ಟೆಯ ಚಂದಾ ಪೆಟ್ಟಿಗೆಯ ಬಗ್ಗೆ ಹೇಳಿದಾಗ ನಮಗೆ ದೇವರೇ ಕಳಿಸಿದ ಹಾಗಾಯಿತು. ಪತ್ರಿಕೆಗೆ ಚಂದಾ ಕಟ್ಟಿದ ಹಾಗೆಯೇ ಇದು. ಮಗುವಿನ ಎತ್ತರ, ತೂಕ, ಇಷ್ಟದ ಬಣ್ಣ, ಕುತ್ತಿಗೆಗೆ ಚುಚ್ಚುವ ಬಟ್ಟೆ ಆಗುವುದೋ ಇಲ್ಲವೋ, ಎಷ್ಟು ದುಡ್ಡಿನೊಳಗೆ ಇರಬೇಕು ಎಂದೆಲ್ಲ ಒಂದು ಪ್ರಶ್ನಾವಳಿ ತುಂಬಬೇಕು. ಒಂದು ಕಂಪ್ಯೂಟರ್ ಪ್ರೋಗ್ರಾಮು ನಮ್ಮ ಉತ್ತರ ನೋಡಿ ಒಂದಷ್ಟು ಬಟ್ಟೆ ಸೂಚಿಸುತ್ತದೆ, ಒಬ್ಬ ಮನುಷ್ಯರು ಅದರಲ್ಲಿ ಆರಿಸಿ, ಮಗುವಿನ ಹೆಸರು ಹಾಕಿ ಒಂದು ಚೀಟಿ ಬರೆದು ಕಳಿಸುತ್ತಾರೆ. ಆರಿಸಿದ್ದಕ್ಕೆ 20 ಡಾಲರ್ ಶುಲ್ಕ, ಏನಾದರೂ ಇಟ್ಟುಕೊಂಡರೆ ಅದು ಬೆಲೆಯಲ್ಲಿ ವಜಾ. ಮನೆಯಲ್ಲೇ ಹಾಕಿ ನೋಡಿ, ಬೇಕಾದ್ದು ಇಟ್ಟುಕೊಂಡು, ಬೇಡವಾದದ್ದನ್ನು ಒಂದು ವಾರದೊಳಗೆ ಟ್ಯಾಗ್ ಸಮೇತ ವಾಪಸು ಕಳಿಸಬೇಕು. ಕಳಿಸುವ ಚೀಲವನ್ನೂ ಅಂಚೆ ಖರ್ಚನ್ನೂ ಅವರೇ ಕೊಡುತ್ತಾರೆ. ದಿನವಿಡೀ ಇಂಥ ಪ್ರೋಗ್ರಾಮುಗಳನ್ನೇ ಬರೆಯುವ ನಮಗೆ ಅದರ ಒಳಗುಟ್ಟು ಅಷ್ಟಿಷ್ಟು ಗೊತ್ತಿದ್ದರೂ, ಮಗಳ ಹೆಸರಿದ್ದ ಆ ಚೀಟಿ ನೋಡಿ ಕರಗಿಹೋದೆವು ಎಂದು ಒಪ್ಪಿಕೊಳ್ಳಬೇಕು.

ಮೊದಲನೆಯ ಪೆಟ್ಟಿಗೆ ಸೆಪ್ಟೆಂಬರಿನಲ್ಲಿ ಬಂತು. ಆಗ ಅಮ್ಮ ಊರಿನಿಂದ ಬಂದಿದ್ದರು. (ಯಾರ ಅಮ್ಮ ಎಂದು ಕೇಳಬೇಡಿ, ನಾವಿಬ್ಬರೂ ಅಮ್ಮ ಎಂದೇ ಕರೆಯುತ್ತೇವೆ.) ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಪೆಟ್ಟಿಗೆ ತೆರೆದಿತ್ತು. ಆರು ಬಟ್ಟೆಗಳೂ ದೇವರ ಮುಂದೆ ಮಣೆಯ ಮೇಲೆ ಮಡಿಸಿಟ್ಟಿದ್ದವು. ಆರರ ಅಂಚಿಗೂ ಅರಿಶಿನದ ಬೊಟ್ಟು!

"ಹೊಸ ಬಟ್ಟೆ ಬಂದಿತ್ತು, ನೀವು ಬಂದ ತಕ್ಷಣ ಮಗು ಹಾಕ್ಕೊಳ್ಳಲಿ ಅಂತ ಅರಿಶಿನ ಹಚ್ಚಿ ಇಟ್ಟಿದ್ದೀನಿ" ಅಂದರು ಅಮ್ಮ.

ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದು ಇನ್ನೂ ನಮ್ಮದಲ್ಲ, ಹಾಕಿ ನೋಡಿ ವಾಪಸು ಕಳಿಸಬಹುದು ಎಂದು ವಿವರಿಸಿದೆವು. "ಮತ್ತೆ ಮಗುವಿನ ಹೆಸರು ಬರೆದು ಕಳಿಸಿದ್ದಾರೆ?" ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅರಿಶಿನ ಹತ್ತಿದ ಬಟ್ಟೆಯನ್ನು ವಾಪಸು ಕಳಿಸುವ ಹಾಗಿಲ್ಲ. ಪುಣ್ಯಕ್ಕೆ ಆರನ್ನೂ ಇಟ್ಟುಕೊಂಡರೆ ಶೇಕಡಾ 25 ರಿಯಾಯಿತಿ ಎಂದಿತ್ತು. ಆರರ ಒಟ್ಟು ಬೆಲೆ 156 ಡಾಲರ್, ರಿಯಾಯಿತಿ ಕಳೆದರೆ 117. ನಮಗೆ ನಿಜವಾಗಿ ಬೇಕಾಗಿದ್ದದ್ದು ಮೂರು ಮಾತ್ರ, ಅವುಗಳ ಬೆಲೆ 78. ಅಂದರೆ 39 ಡಾಲರ್ ಉಳಿಸುವುದಕ್ಕಾಗಿ 39 ಡಾಲರ್ ಹೆಚ್ಚು ಕೊಟ್ಟೆವು! ಇಂಜಿನಿಯರಿಂಗ್‌ನಲ್ಲಿ ನಾಲ್ಕು ಸೆಮಿಸ್ಟರ್ ಗಣಿತ ಓದಿದವರ ಕಥೆ ಇದು. ಆದರೂ ಆ ರಾತ್ರಿ ಸಂತೋಷವಾಗಿಯೇ ಮಲಗಿದೆವು, ಏನೋ ಗೆದ್ದ ಹಾಗೆ.

ಪತಂಜಲಿಯ ಯೋಗಸೂತ್ರದಲ್ಲಿ ಹೇಳಿದ ಐದು ಯಮಗಳಲ್ಲಿ ಕೊನೆಯದು ಅಪರಿಗ್ರಹ. ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರದು ಎಂದಷ್ಟೇ ನಾವು ತಿಳಿದಿದ್ದೆವು. ವ್ಯಾಸಭಾಷ್ಯದಲ್ಲಿ ಇದಕ್ಕೆ ಕೊಟ್ಟ ಕಾರಣಗಳು ಬಹಳ ಲೌಕಿಕವಾಗಿವೆ. ವಸ್ತುಗಳನ್ನು ಸಂಪಾದಿಸುವುದರಲ್ಲಿ ಕಷ್ಟ, ಕಾಪಾಡುವುದರಲ್ಲಿ ಕಷ್ಟ, ಅವು ಕೆಟ್ಟುಹೋದರೆ ದುಃಖ, ಇದ್ದರೆ ಅಂಟು, ಇವೆಲ್ಲದರ ಹಿಂದೆ ಎಲ್ಲೋ ಯಾರಿಗೋ ಹಿಂಸೆ, ಈ ದೋಷಗಳನ್ನು ಕಂಡು ತೆಗೆದುಕೊಳ್ಳದೆ ಇರುವುದು ಎಂದು. ಮಕ್ಕಳ ಬಟ್ಟೆಯ ಬೀರು ತುಂಬಿ ಬಾಗಿಲು ಹಾಕಲಾಗದೆ ಮೊಣಕೈಯಿಂದ ತಳ್ಳುವವರಿಗೆ ಇದಕ್ಕೆ ಬೇರೆ ಭಾಷ್ಯ ಬೇಡ. ಆದರೆ ಈ ಪೆಟ್ಟಿಗೆಯ ವ್ಯವಹಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೂಡಿಡುವುದನ್ನೇ ಅದು ಉಳಿತಾಯವೆಂದು ತೋರಿಸುತ್ತದೆ. ಆಸೆಬುರುಕರಿಗೆ ಅಪರಿಗ್ರಹ ಹೇಳಬಹುದು, ಜಿಪುಣರಿಗೆ ಹೇಳುವುದು ಹೇಗೆ? ನಾವು ಜಿಪುಣರು.

ಅದಿರಲಿ. ಹೇಳಬೇಕಾದ್ದು ಎರಡನೆಯ ಪೆಟ್ಟಿಗೆಯ ವಿಷಯ.

ಅದು ಅಕ್ಟೋಬರಿನಲ್ಲಿ, ನವರಾತ್ರಿಯ ವಾರದಲ್ಲಿ ಬಂತು. ಈ ಸಲ ಅಮ್ಮನ ಕೈಗೆ ಸಿಗದ ಹಾಗೆ ಪೆಟ್ಟಿಗೆಯನ್ನು ಗರಾಜಿನಲ್ಲಿ ಇಳಿಸಿಕೊಂಡೆವು. ಮನೆಗೆ ಬಂದ ಹೊಸ ಬಟ್ಟೆಯನ್ನು ಮನೆಯ ಹಿರಿಯರಿಂದ ಬಚ್ಚಿಡುವುದು ಎಂಥ ಕೆಲಸ ಎಂದು ಆಗ ಹೊಳೆಯಲಿಲ್ಲ, ನಗುತ್ತಲೇ ಮಾಡಿದೆವು. ಒಳಗೆ ಒಂದು ಕಡುಹಸಿರು ಮಖಮಲ್ಲಿನ ಫ್ರಾಕು ಇತ್ತು. ಬೆಲೆ 58 ಡಾಲರ್. ಮಗಳು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ಸುತ್ತಿದಳು. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಆದರೆ ಒಂದು ಸಲ ಹಾಕಿ ಬಿಡುವ ಫ್ರಾಕಿಗೆ 58 ಡಾಲರೇ? ಬೀರುವಿನಲ್ಲಿ ಹೋದ ತಿಂಗಳ ಆರು ಆಗಲೇ ಇವೆ. ವಾಪಸು ಎಂದು ತೀರ್ಮಾನವಾಯಿತು.

ಆ ಗುರುವಾರ ಶಾಲೆಯಲ್ಲಿ ಫೋಟೋ ತೆಗೆಯುವ ದಿನ. ಪೆಟ್ಟಿಗೆ ವಾಪಸು ಹೋಗಬೇಕಾದ ಗಡುವು ಶನಿವಾರ. ಮಿಕ್ಕಿದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ತಾನೇ, ಏನೂ ಆಗುವುದಿಲ್ಲ ಎಂದು ಒಬ್ಬರು ಹೇಳಿದೆವು, ಇನ್ನೊಬ್ಬರು ಟ್ಯಾಗನ್ನು ಕಂಕುಳ ಹತ್ತಿರ ಒಳಕ್ಕೆ ಮಡಿಸಿ ಪಿನ್ನು ಹಾಕಿದೆವು. ಮಗಳಿಗೆ ಮೂರು ಸೂಚನೆ ಕೊಟ್ಟೆವು. ಎಡಗೈ ಜಾಸ್ತಿ ಎತ್ತಬೇಡ. ಊಟದ ಹೊತ್ತಿನಲ್ಲಿ ಮೇಲೆ ಸ್ವೆಟರ್ ಹಾಕಿಕೋ. ಯಾರಾದರೂ ಕೇಳಿದರೆ... ಮೂರನೆಯದನ್ನು ಪೂರ್ತಿ ಮಾಡಲಿಲ್ಲ, ಯಾಕೆಂದರೆ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ನಮಗೇ ಗೊತ್ತಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ನೋಡಿ, "ಇದು ಯಾವಾಗ ತಂದ್ರಿ? ಅರಿಶಿನ ಹಚ್ಚಿದ್ರಾ?" ಎಂದರು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಿಟ್ಟೆವು.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಫ್ರಾಕನ್ನು ಚೀಲದಲ್ಲಿ ಹಾಕಿ ಅಂಚೆಗೆ ಕೊಟ್ಟೆವು. ಒಂದು ಕಲೆ ಇಲ್ಲ, ಒಂದು ನೂಲು ಎದ್ದಿಲ್ಲ. ಅಂದು ಮಧ್ಯಾಹ್ನ ಟೀಚರಿಂದ ಇ-ಮೇಲ್ ಬಂತು. ಅದನ್ನು ನಾವು ಇನ್ನೂ ಅಳಿಸಿಲ್ಲ. ಬಹಳ ಮೃದುವಾಗಿ ಬರೆದಿದ್ದರು. ಮಗಳ ಫ್ರಾಕಿನಿಂದ ಟ್ಯಾಗ್ ಇಣುಕಿದ್ದು ಕಂಡು, ಮರೆತಿದ್ದಾರೇನೋ ಎಂದು ಕತ್ತರಿ ತಂದರಂತೆ. ಮಗಳು ಎರಡೂ ಕೈಯಲ್ಲಿ ಟ್ಯಾಗನ್ನು ಮುಚ್ಚಿಕೊಂಡು, ಕತ್ತರಿಸಬೇಡಿ, ಇದು ನನ್ನದಲ್ಲ, ನಾಳೆ ವಾಪಸು ಕೊಡಬೇಕು ಎಂದಳಂತೆ. ಚಳಿಗಾಲ ಹತ್ತಿರ ಬರುತ್ತಿದೆ, ಶಾಲೆಯಲ್ಲಿ ಕೋಟು, ಬಟ್ಟೆಗಳನ್ನು ಸಂಗ್ರಹಿಸಿ ಬೇಕಾದ ಮನೆಗಳಿಗೆ ಯಾರಿಗೂ ತಿಳಿಯದ ಹಾಗೆ ತಲುಪಿಸುವ ವ್ಯವಸ್ಥೆ ಇದೆ, ನಿಮ್ಮ ಮನೆಗೆ ಏನಾದರೂ ಅಗತ್ಯವಿದ್ದರೆ ದಯವಿಟ್ಟು ಸಂಕೋಚಪಡಬೇಡಿ ಎಂದು ಪತ್ರ ಮುಗಿದಿತ್ತು.

ಓದಿದ ಕೂಡಲೇ ನಮಗೆ ಏನನ್ನಿಸಿತು ಎಂಬುದನ್ನು ಇದ್ದ ಹಾಗೆ ಬರೆಯುತ್ತೇವೆ, ಈ ಲೇಖನದ ತಿರುಳು ಅಲ್ಲೇ ಇದೆ. ಮೊದಲು ಬಂದದ್ದು ಅವಮಾನ. ಎರಡು ಸಂಬಳದ ಮನೆ, ಎರಡು ಕಾರು, ನಮ್ಮನ್ನು ಹೀಗೆ ಅಂದುಕೊಂಡರಲ್ಲ! ಆ ಕ್ಷಣವೇ ಉತ್ತರ ಬರೆಯಲು ಕುಳಿತೆವು. ನಮಗೆ ಯಾವ ಕೊರತೆಯೂ ಇಲ್ಲ, ಅದು ಚಂದಾ ಪೆಟ್ಟಿಗೆಯ ಫ್ರಾಕು, ನಾವು ಇನ್ನೂ ತೀರ್ಮಾನ ಮಾಡಿರಲಿಲ್ಲ, ಅದಕ್ಕೇ ಟ್ಯಾಗ್ ಇತ್ತು... ಇಷ್ಟು ಬರೆದು ಕೈ ನಿಂತಿತು. ತೀರ್ಮಾನ ಮಾಡಿರಲಿಲ್ಲ ಎಂಬುದು ಸುಳ್ಳು. ತೀರ್ಮಾನ ಮಾಡಿಯೇ ಕಳಿಸಿದ್ದೆವು. ಬಡವರು ಎಂದು ಒಬ್ಬರು ತಿಳಿದದ್ದಕ್ಕೆ ಇಷ್ಟು ಉರಿದುಕೊಂಡ ನಾವು, ಟ್ಯಾಗಿಗೆ ಪಿನ್ನು ಹಾಕುವಾಗ ಒಂದಿಷ್ಟೂ ನಾಚಿಕೊಂಡಿರಲಿಲ್ಲ. ಬಡತನ ತಪ್ಪಲ್ಲ, ನಾವು ಮಾಡಿದ್ದು ತಪ್ಪು. ನಮ್ಮ ನಾಚಿಕೆ ಎರಡರ ಜಾಗವನ್ನೂ ಅದಲುಬದಲು ಮಾಡಿಕೊಂಡಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಎಷ್ಟೋ ಸಲ ಕೇಳಿದ್ದೇವೆ. ಮಾನ ಎಂದರೆ ನಾಲ್ಕು ಜನರ ಕಣ್ಣಿನಲ್ಲಿ ಇರುವುದು ಎಂದೇ ತಿಳಿದಿದ್ದೆವು.

ವಾರಾಂತ್ಯದಲ್ಲಿ ದೇವಸ್ಥಾನದಲ್ಲಿ ಸಿಕ್ಕ ಸ್ನೇಹಿತರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟರು. "ಅಯ್ಯೋ, ಇಷ್ಟಕ್ಕೇನಾ? ಎಲ್ಲರೂ ಮಾಡ್ತಾರೆ. ಅದಕ್ಕೆ ವಾರ್ಡ್‌ರೋಬಿಂಗ್ ಅಂತ ಹೆಸರೇ ಇದೆ. ಎಷ್ಟು ವಾಪಸು ಬರುತ್ತೆ ಅಂತ ಲೆಕ್ಕ ಹಾಕಿಯೇ ಬೆಲೆ ಇಟ್ಟಿರ್ತಾರೆ" ಎಂದರು. ಅವರ ಮಾತನ್ನು ಹಗುರವಾಗಿ ತೆಗೆಯುವಂತಿಲ್ಲ. ಕಂಪೆನಿಗಳೇನೂ ಹರಿಶ್ಚಂದ್ರರಲ್ಲ. ನಾವು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ತಿಳಿದು ಪೆಟ್ಟಿಗೆ ಕಳಿಸುತ್ತಲೇ ಇರುವುದು ಈ ವ್ಯಾಪಾರದ ಜೀವಾಳ. ಅಮೆರಿಕದಲ್ಲಿ ಇದು ಹೊಸದೂ ಅಲ್ಲ. 1926ರಲ್ಲಿ ಶುರುವಾದ ಬುಕ್ ಆಫ್ ದಿ ಮಂತ್ ಕ್ಲಬ್, ಬೇಡ ಎಂದು ಬರೆದು ತಿಳಿಸದಿದ್ದರೆ ತಿಂಗಳ ಪುಸ್ತಕ ಕಳಿಸಿಬಿಡುವ ಪದ್ಧತಿಯಿಂದಲೇ ಹೆಸರಾಯಿತು. ಚಂದಾ ಸೇರುವುದು ಎಷ್ಟು ಸುಲಭವೋ ಬಿಡುವುದೂ ಅಷ್ಟೇ ಸುಲಭವಾಗಿರಬೇಕು ಎಂದು ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರಿನಲ್ಲಿ, ಅಂದರೆ ನಮ್ಮ ಫ್ರಾಕಿನ ತಿಂಗಳಲ್ಲೇ, ಒಂದು ನಿಯಮ ಹೊರಡಿಸಿತು. ಅದನ್ನು ತಂದ ಕ್ರಮ ಸರಿಯಿಲ್ಲವೆಂದು 2025ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ಮೌನಂ ಸಮ್ಮತಿಲಕ್ಷಣಂ ಎಂದು ನಮ್ಮ ಹಿರಿಯರು ಹೇಳಿದ್ದು ಮದುವೆಗೆ ನಾಚಿ ನಿಂತ ಹುಡುಗಿಯನ್ನು ನೋಡಿ ಇರಬೇಕು, ಕ್ರೆಡಿಟ್ ಕಾರ್ಡ್ ನೋಡಿ ಅಲ್ಲ.

ಆದರೆ ಅವರು ನಮ್ಮ ಮರೆವಿನ ಮೇಲೆ ಹಣ ಮಾಡಿದರೆ ಅವರ ಫ್ರಾಕನ್ನು ನಾವು ಮೋಸದಿಂದ ಹಾಕಿಕೊಳ್ಳಬಹುದೇ? ಅದು ಹಾಗೆ ಕೂಡಿ ಕಳೆಯುವ ಲೆಕ್ಕವಲ್ಲ. ಹಾಗಿದ್ದರೂ ಆ ಲೆಕ್ಕಕ್ಕೆ ಮಗಳನ್ನು ಯಾಕೆ ಸೇರಿಸಿಕೊಳ್ಳಬೇಕಿತ್ತು?

ಇನ್ನು ಇಂಜಿನಿಯರ್ ಬುದ್ಧಿಯ ಪ್ರಶ್ನೆ ಒಂದು ಉಳಿಯುತ್ತದೆ. ಮನೆಯಲ್ಲಿ ಹಾಕಿ ನೋಡುವುದಕ್ಕೆ ಅವರೇ ಒಪ್ಪಿದ್ದಾರೆ. ಹತ್ತು ನಿಮಿಷ ಕನ್ನಡಿಯ ಮುಂದೆ ಹಾಕಿದರೆ ತಪ್ಪಿಲ್ಲ, ಆರು ಗಂಟೆ ಶಾಲೆಯಲ್ಲಿ ಹಾಕಿದರೆ ತಪ್ಪು. ಹಾಗಾದರೆ ಗೆರೆ ಎಲ್ಲಿದೆ? ಒಂದು ಗಂಟೆಯಲ್ಲೋ, ಎರಡು ಗಂಟೆಯಲ್ಲೋ? ಬಟ್ಟೆಗೆ ಏನೂ ಆಗಿಲ್ಲ. ಕಂಪೆನಿಗೆ ನಷ್ಟವಿಲ್ಲ, ನಾವು ಹೇಗೂ ಕೊಳ್ಳುತ್ತಿರಲಿಲ್ಲ. ಯಾರ ವಸ್ತುವೂ ಕಳೆದುಹೋಗಿಲ್ಲ. ಭಾನುವಾರದ ಮಕ್ಕಳ ತರಗತಿಯಲ್ಲಿ ಯಮಗಳನ್ನು ಹೇಳಿಕೊಡುವ ಸರದಿ ನಮಗೂ ಬರುತ್ತದೆ. ಅಸ್ತೇಯ ಎಂದರೆ ಪಕ್ಕದವರ ಪೆನ್ಸಿಲ್ ಕೇಳದೆ ತೆಗೆದುಕೊಳ್ಳದಿರುವುದು ಎಂದು ಹೇಳಿಕೊಟ್ಟಿದ್ದೇವೆ. ಆ ಪೆನ್ಸಿಲ್ಲಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪೆನ್ಸಿಲ್ ಸಂಜೆ ಅದರ ಡಬ್ಬಿಗೇ ವಾಪಸು ಹೋಗಿದೆಯಲ್ಲ!

ಉತ್ತರ ಸಿಕ್ಕಿದ್ದು ಅಮ್ಮನಿಂದ. ಆ ಭಾನುವಾರ ರಾತ್ರಿ ಅವರಿಗೆ ಎಲ್ಲ ಹೇಳಿದೆವು. ಬಯ್ಯುತ್ತಾರೆ, ಇಲ್ಲವೇ "ಹೋಗಲಿ ಬಿಡಿ" ಎನ್ನುತ್ತಾರೆ ಎಂದುಕೊಂಡಿದ್ದೆವು. ಅವರು ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದ್ದು ಇಷ್ಟೇ.

"ಆ ಫ್ರಾಕು ಈಗ ಇನ್ನೊಂದು ಮನೆಗೆ ಹೋಗುತ್ತಾ?"

ಹೌದು ಅಂದೆವು.

"ಹೊಸದು ಅಂತಲೇ ಹೋಗುತ್ತಾ?"

ಹೌದು.

"ಆ ಮನೇಲಿ ನನ್ನ ಥರ ಒಬ್ಬಳು ಅಜ್ಜಿ ಇದ್ರೆ, ಅರಿಶಿನ ಹಚ್ತಾಳಲ್ಲೋ."

ಅಷ್ಟು ಹೇಳಿ ಮತ್ತೆ ಬತ್ತಿ ಹೊಸೆಯತೊಡಗಿದರು.

ಇಲ್ಲಿ ಓದುಗರು ತಪ್ಪು ತಿಳಿಯಬಾರದು. ಒಬ್ಬರು ಹಾಕಿದ ಬಟ್ಟೆ ಇನ್ನೊಬ್ಬರಿಗೆ ಹೋಗಬಾರದು ಎಂಬ ಮಡಿಯ ಮಾತಲ್ಲ ಇದು. ಅಮ್ಮ ಬೆಳೆದದ್ದೇ ದೊಡ್ಡಕ್ಕನ ಲಂಗದಲ್ಲಿ. ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಹೊಸ ಬಟ್ಟೆಯನ್ನಲ್ಲ, ಉಟ್ಟು ಒಗೆದು ಮೆತ್ತಗಾದ ಹಳೆಯ ಪಂಚೆಯನ್ನು, ಹಳೆಯ ಸೀರೆಯ ತುಂಡನ್ನು. ಉತ್ತರ ಕರ್ನಾಟಕದ ಕಡೆ ಹಳೆಯ ಸೀರೆ, ಧೋತರಗಳನ್ನೇ ಪದರ ಪದರವಾಗಿ ಇಟ್ಟು ಕೌದಿ ಹೊಲಿಯುತ್ತಾರೆ. ಅದರ ಬೆಚ್ಚಗೆ ಯಾವ ಅಂಗಡಿಯ ಕಂಬಳಿಗೂ ಬರುವುದಿಲ್ಲ. ನಮ್ಮ ದೇವಸ್ಥಾನದ ಮನೆಗಳ ನಡುವೆಯೇ ಎಷ್ಟು ಚೀಲ ಬಟ್ಟೆ ಓಡಾಡುತ್ತವೆ ನೋಡಿ. ನಮ್ಮ ಮಗನ ಜರಿಯಂಚಿನ ಪಂಚೆ ಅವನಿಗಿಂತ ಮೊದಲು ಮೂರು ಹುಡುಗರನ್ನು ಕಂಡಿದೆ, ಒಬ್ಬರದು ಉಪನಯನದ ಫೋಟೋದಲ್ಲೂ ಇದೆ. ಅದನ್ನು ಉಡಿಸುವಾಗ ಅದು ಯಾರ ಮನೆಯಿಂದ ಬಂತು ಎಂದು ಹೇಳಿಯೇ ಉಡಿಸುತ್ತೇವೆ. ಹಾಗೆ ಹೇಳಬಹುದಾದ ಬಟ್ಟೆ ಅದು. ಹಸಿರು ಫ್ರಾಕು ಹೇಳಲಾಗದ ಬಟ್ಟೆಯಾಗಿಹೋಯಿತು.

ಹಾಗಾಗಿ ಗೆರೆ ಗಡಿಯಾರದಲ್ಲಿ ಇಲ್ಲ, ಟ್ಯಾಗಿನಲ್ಲೂ ಇಲ್ಲ ಎಂದು ನಮಗೆ ಈಗ ತೋರುತ್ತದೆ. ವಾಪಸು ಕಳಿಸುವ ಚೀಲದೊಳಗೆ 'ಮಗು ಹಾಕಿ ನೋಡಿತು, ಸರಿಹೋಗಲಿಲ್ಲ' ಎಂದು ಒಂದು ಚೀಟಿ ಬರೆದಿಡಬಹುದು. 'ಫೋಟೋ ದಿನ ಹಾಕಿಕೊಂಡು ಹೋಗಿದ್ದಳು' ಎಂದು ಬರೆದಿಡಲು ನಮ್ಮ ಕೈ ಬರುತ್ತಿರಲಿಲ್ಲ. ಬರೆಯಲಾಗುವುದು ಮತ್ತು ಬರೆಯಲಾಗದ್ದು, ಇವೆರಡರ ನಡುವೆ ಎಲ್ಲೋ ಗೆರೆ ಇದೆ. ವ್ಯಾಸಭಾಷ್ಯದಲ್ಲಿ ಅಸ್ತೇಯವೆಂದರೆ ಇನ್ನೊಬ್ಬರಿಂದ ಅಕ್ರಮವಾಗಿ ತೆಗೆದುಕೊಳ್ಳದಿರುವುದು ಎಂದು ಹೇಳಿ ಅಲ್ಲಿಗೇ ನಿಲ್ಲಿಸಿಲ್ಲ, ಅಂಥ ಆಸೆಯೇ ಇಲ್ಲದಿರುವುದು ಎಂದು ಮುಂದುವರಿಸಿದ್ದಾರೆ. ಮೊದಲು ಓದಿದಾಗ ಇದು ಸನ್ಯಾಸಿಗಳಿಗೆ ಹೇಳಿದ್ದು ಎಂದು ದಾಟಿಹೋಗಿದ್ದೆವು. ಈಗ ಓದಿದರೆ ನಮ್ಮ ಗರಾಜಿಗೇ ಬಂದು ಹೇಳಿದ ಹಾಗಿದೆ. ನಾವು ಕದ್ದದ್ದು ಫ್ರಾಕನ್ನಲ್ಲ. ಬೆಲೆ ಕೊಡದೆ ಅದರ ಹೊಸತನವನ್ನು ಬಯಸಿದೆವು. ಒಂದು ಬಟ್ಟೆ ಹೊಸದಾಗಿರುವುದು ಒಂದೇ ಸಲ. ಆ ಒಂದು ಸಲವನ್ನು ನಾವು ತೆಗೆದುಕೊಂಡು, ಇನ್ನೂ ಇದೆ ಎಂದು ಹೇಳಿ ಮುಂದಕ್ಕೆ ಸಾಗಿಸಿದೆವು.

ಸೋಮವಾರ ಕಂಪೆನಿಗೆ ಫೋನ್ ಮಾಡಿದೆವು. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಫ್ರಾಕನ್ನು ಒಂದು ದಿನ ಹಾಕಿದ್ದೇವೆ, ಹೊಸದೆಂದು ಕಳಿಸಬೇಡಿ, 58 ಡಾಲರ್ ನಮ್ಮ ಕಾರ್ಡಿಗೆ ಹಾಕಿ ಎಂದೆವು. ಕಲೆಯಾಗಿದೆಯೇ ಎಂದು ಕೇಳಿದಳು. ಇಲ್ಲ. ಹರಿದಿದೆಯೇ? ಇಲ್ಲ. ಟ್ಯಾಗ್ ಇದೆಯೇ? ಇದೆ. ಹಾಗಾದರೆ ಏನೂ ತೊಂದರೆಯಿಲ್ಲ, ಅದು ಬರುತ್ತಿದ್ದ ಹಾಗೆ ತಾನಾಗಿ ಸ್ವೀಕಾರವಾಗುತ್ತದೆ, ಹಣ ತೆಗೆದುಕೊಳ್ಳುವ ದಾರಿ ತನ್ನ ಪರದೆಯ ಮೇಲೆ ಇಲ್ಲ ಎಂದಳು. ಮ್ಯಾನೇಜರನ್ನು ಕೇಳಿ ಬಂದಳು. ಬಂದು, ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದವೆಂದು ಮುಂದಿನ ಪೆಟ್ಟಿಗೆಗೆ 10 ಡಾಲರ್ ಜಮೆ ಮಾಡಿದ್ದೇವೆ ಎಂದಳು! ಬೇಡ ಎಂದರೂ ಕೇಳಲಿಲ್ಲ. ಕಳ್ಳನಿಗೆ ಶಾಲು ಹೊದಿಸಿ ಕಳಿಸಿದ ಹಾಗಾಯಿತು. ಚಂದಾ ನಿಲ್ಲಿಸಿದೆವು. 58 ಡಾಲರಿಗೆ ಒಂದು ಕೋಟು ಕೊಂಡು ಶಾಲೆಯ ಸಂಗ್ರಹಕ್ಕೆ ಕೊಟ್ಟೆವು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಕೋಟು ಕೊಟ್ಟರೆ ಫ್ರಾಕಿನ ಬಾಕಿ ತೀರುವುದಿಲ್ಲ ಎಂದು ನಮಗೆ ಗೊತ್ತು. ಟೀಚರಿಗೆ ಮಾತ್ರ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದೆವು. ಅದು 58 ಡಾಲರಿಗಿಂತ ಹೆಚ್ಚು ಕಷ್ಟವಾಯಿತು. ಅವರ ಉತ್ತರ ಒಂದೇ ಸಾಲು, ಮಗಳು ನಿಜ ಹೇಳಿದ್ದಳು ಎಂದು ತಿಳಿದು ಸಂತೋಷವಾಯಿತು ಎಂದು.

ಮಗಳಿಗೂ ಹೇಳಬೇಕಲ್ಲ. ತಪ್ಪು ನಮ್ಮದು, ನಿನ್ನದಲ್ಲ, ನಿನ್ನ ಕೈಯಲ್ಲಿ ಮುಚ್ಚಿಡಿಸಿದ್ದು ತಪ್ಪು ಎಂದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಮೊದಲನೇ ಬಾಕ್ಸ್ ಯಾಕೆ ಅಜ್ಜಿ ಕೈಲಿ ಕೊಟ್ರಿ, ಎರಡನೇದು ಯಾಕೆ ಕೊಡಲಿಲ್ಲ?" ಎಂದು ಕೇಳಿದಳು. ನಾವು ಕೊಟ್ಟದ್ದಲ್ಲ, ಅಜ್ಜಿಯೇ ತೆಗೆದುಕೊಂಡದ್ದು ಎಂದು ಹೇಳಹೊರಟು ಸುಮ್ಮನಾದೆವು.

ನವೆಂಬರಿನಲ್ಲಿ ಫೋಟೋ ಬಂತು. ಬೇಡವಾದವರು ಇನ್ನೊಮ್ಮೆ ತೆಗೆಸಿಕೊಳ್ಳಬಹುದು ಎಂದು ಶಾಲೆಯವರು ಒಂದು ದಿನ ಇಟ್ಟಿದ್ದರು. ಇನ್ನೊಮ್ಮೆ ತೆಗೆಸೋಣ, ಹೋದ ವರ್ಷದ ಲಂಗ ಹಾಕಿಕೊಂಡು ಹೋಗು ಎಂದು ಬಹಳ ಹೇಳಿದೆವು. ಇದರಲ್ಲಿ ನನ್ನ ನಗು ಚೆನ್ನಾಗಿದೆ ಎಂದು ಅವಳು ಒಪ್ಪಲಿಲ್ಲ. ಅಮ್ಮ ಊರಿಗೆ ಹೊರಡುವಾಗ ಒಂದು ಪ್ರತಿ ತೆಗೆದುಕೊಂಡು ಹೋದರು. ಇನ್ನೊಂದು ನಮ್ಮ ಹಜಾರದ ಗೂಡಿನಲ್ಲಿದೆ. ಕಡುಹಸಿರು ಫ್ರಾಕು, ಎರಡು ಜಡೆ, ಮುಂದಿನ ಒಂದು ಹಲ್ಲಿಲ್ಲದ ನಗು. ಎಡಗೈ ಮಾತ್ರ ಮೈಗೆ ಒತ್ತಿಕೊಂಡಿದೆ, ಗೊತ್ತಿದ್ದವರಿಗೆ ಕಾಣುತ್ತದೆ.

ಮನೆಗೆ ಬಂದವರೆಲ್ಲ ಆ ಫೋಟೋದ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. "ಎಷ್ಟು ಚೆನ್ನಾಗಿದೆ ಫ್ರಾಕು, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ಮಗಳು ಆಡುವುದನ್ನು ಬಿಟ್ಟು ನಮ್ಮ ಮುಖ ನೋಡುತ್ತಾಳೆ.